ಶಾಲೆಯ ಗಂಟೆ ಹೊಡೆದ ನಂತರದ ಮೈದಾನ: ಗೋವಿನಕೋವಿ ಸೀಮೆಯ ಊರಾಟ ಮತ್ತು ಮಕ್ಕಳ ರಕ್ಷಣೆ

ದಾವಣಗೆರೆ ಜಿಲ್ಲೆಯ ಗೋವಿನಕೋವಿಯಂಥ ಊರುಗಳಲ್ಲಿ ಮಕ್ಕಳ ಆಟಕ್ಕೆ ಎರಡು ನೆಲೆಗಳಿವೆ. ಒಂದು ಶಾಲೆಯದು: ದೈಹಿಕ ಶಿಕ್ಷಕರು, ಹೋಬಳಿ ಮಟ್ಟದ ಕ್ರೀಡಾಕೂಟ, ಗೆದ್ದರೆ ತಾಲ್ಲೂಕು, ಅಲ್ಲಿಂದ ಜಿಲ್ಲೆ. ಇನ್ನೊಂದು ಊರಿನದು: ಯುವಕ ಸಂಘ, ಗೆಳೆಯರ ಬಳಗ, ಗರಡಿ ಮನೆ, ಜಾತ್ರೆಯ ಕುಸ್ತಿ, ಹೊನಲು ಬೆಳಕಿನ ಕಬಡ್ಡಿ. ಎಷ್ಟೋ ಕಡೆ ಎರಡಕ್ಕೂ ಮೈದಾನ ಒಂದೇ, ಮಕ್ಕಳೂ ಅವರೇ. ಹೊಣೆ ಹೊರುವವರು ಮಾತ್ರ ಬೇರೆ. ಸಂಜೆಯ ಗಂಟೆ ಹೊಡೆಯುತ್ತಿದ್ದಂತೆ ಶಾಲೆಯ ಹೊಣೆ ಮುಗಿಯುತ್ತದೆ. ಅದನ್ನು ಮುಂದೆ ಹೊರಬೇಕಾದವರು ಯಾರೆಂದು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಕಾನೂನಿನ ರಕ್ಷಣೆ ಮಾತ್ರ ಆ ಗಂಟೆಗೆ ನಿಲ್ಲುವುದಿಲ್ಲ, ಮಗು ಹೋದಲ್ಲೆಲ್ಲ ಹೋಗುತ್ತದೆ. ಅದನ್ನು ಊರಿನ ಆಟದ ಸಂಘಗಳಲ್ಲಿ ಜಾರಿಗೆ ತರಬಲ್ಲ ಕೈ ಯಾವುದು ಎಂಬುದೇ ಈ ಲೇಖನದ ಪ್ರಶ್ನೆ. ಯಾವುದೋ ಒಂದು ಊರಿನಲ್ಲಿ ಕೆಟ್ಟದ್ದು ನಡೆದಿದೆ ಎಂಬ ಆರೋಪ ಇಲ್ಲಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಲ್ಲಿ ಆಟ ನಡೆಯುವ ಬಗೆಯನ್ನು ಮುಂದಿಟ್ಟುಕೊಂಡು ಕಾನೂನನ್ನು ಓದುವ ಪ್ರಯತ್ನವಿದು.

ಊರಿನ ಕಬಡ್ಡಿ ಅಭ್ಯಾಸವನ್ನು ನೋಡಿದವರಿಗೆ ಅದರ ಚಿತ್ರ ಗೊತ್ತು. ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಎಳೆದಿರುತ್ತಾರೆ. ಏಳನೇ ತರಗತಿಯ ಹುಡುಗನೂ ಮದುವೆಯಾದ ಆಟಗಾರನೂ ಒಂದೇ ಅಂಕಣದಲ್ಲಿ ಇಳಿಯುತ್ತಾರೆ. ಕಲಿಸುವವನು ಊರಿನ ಹಳೆಯ ಆಟಗಾರ, ಎಲ್ಲ ಮಕ್ಕಳಿಗೂ ಅಣ್ಣ. ಸಂಬಳವಿಲ್ಲ, ನೇಮಕಾತಿಯಿಲ್ಲ, ಎಷ್ಟೋ ಸಲ ಸಂಘಕ್ಕೆ ನೋಂದಣಿಯೂ ಇಲ್ಲ. ‘55 ಕೆ.ಜಿ. ಒಳಗಿನವರಿಗೆ’ ಎಂದು ಫ್ಲೆಕ್ಸ್ ಕಟ್ಟಿದ ಪಂದ್ಯಾವಳಿ ಹತ್ತಿರ ಬಂತೆಂದರೆ ತೂಕ ಇಳಿಸುವ ಉಪವಾಸ ಶುರು. ಮಿತಿ ಇರುವುದು ತೂಕಕ್ಕೆ, ವಯಸ್ಸಿಗಲ್ಲ. ಹಾಗಾಗಿ ಹದಿಮೂರರ ಹುಡುಗನ ಎದುರು ಇಪ್ಪತ್ತೈದರ ಸಣಕಲು ಆಳು ನಿಲ್ಲಬಹುದು. ಪಂದ್ಯ ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಮಕ್ಕಳು ಗೂಡ್ಸ್ ಟೆಂಪೊ ಹತ್ತಿಯೋ, ಒಂದೇ ಬೈಕಿನಲ್ಲಿ ಮೂವರು ಕುಳಿತೋ ಮನೆಗೆ ಮರಳುತ್ತಾರೆ. ಈ ಅಣ್ಣಂದಿರಲ್ಲಿ ಬಹುಪಾಲು ಮಂದಿ ಸ್ವಂತ ದುಡ್ಡು ಹಾಕಿ ಮಕ್ಕಳನ್ನು ಬೆಳೆಸಿದವರು ಎಂಬುದನ್ನು ಒತ್ತಿ ಹೇಳಬೇಕು. ಆದರೆ ಮಗುವಿನ ಸುರಕ್ಷತೆ ಒಬ್ಬ ವ್ಯಕ್ತಿಯ ಒಳ್ಳೆಯತನವನ್ನೇ ನಂಬಿ ನಿಲ್ಲುವಂತಾಗಬಾರದು.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಅದು ಶಾಲೆಗೆ ಅನ್ವಯ. ಬೆಳಿಗ್ಗೆ ಶಿಕ್ಷಕರು ಬೆತ್ತ ಎತ್ತಿದರೆ ತಪ್ಪು. ಸಂಜೆ ಅದೇ ಮೈದಾನದಲ್ಲಿ ರೈಡ್ ತಪ್ಪಿದ ಹುಡುಗನ ಕಪಾಳಕ್ಕೆ ಬಿದ್ದರೆ ಅದು ‘ತರಬೇತಿ’ ಎನಿಸಿಕೊಳ್ಳುತ್ತದೆ. ಆದರೆ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ, ಮಗುವನ್ನು ತನ್ನ ಸುಪರ್ದಿಯಲ್ಲಿ ಇಟ್ಟುಕೊಂಡ ಯಾರೇ ಆಗಲಿ ಅದಕ್ಕೆ ಅನಗತ್ಯ ನೋವು ಕೊಟ್ಟರೆ ಅಪರಾಧವೆನ್ನುತ್ತದೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸಲು 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ ಇನ್ನೂ ಸ್ಪಷ್ಟ. ನಂಬಿಕೆಯ ಅಥವಾ ಅಧಿಕಾರದ ಸ್ಥಾನದಲ್ಲಿರುವವರು ಎಸಗುವ ಲೈಂಗಿಕ ಕೃತ್ಯವನ್ನು ಅದರ 5 ಮತ್ತು 9ನೇ ಕಲಮುಗಳು ಹೆಚ್ಚಿನ ಶಿಕ್ಷೆಯ ಗುರುತರ ಅಪರಾಧಗಳ ಸಾಲಿಗೆ ಸೇರಿಸುತ್ತವೆ. ಆ ಸ್ಥಾನಕ್ಕೆ ನೇಮಕಾತಿ ಪತ್ರ ಬೇಕಿಲ್ಲ. ಊರಿನ ಅಣ್ಣನೂ ಅಲ್ಲಿಗೆ ಸೇರುತ್ತಾನೆ. ಪೋಕ್ಸೊ ನಿಯಮಗಳು 2020, ಮಕ್ಕಳೊಡನೆ ನಿಯತವಾಗಿ ಒಡನಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಹಿನ್ನೆಲೆಯನ್ನು ಕಾಲಕಾಲಕ್ಕೆ ಪೊಲೀಸರಿಂದ ಪರಿಶೀಲನೆಗೆ ಒಳಪಡಿಸಬೇಕೆಂದು ಹೇಳುವಾಗ ಶಾಲೆ, ಶಿಶುವಿಹಾರಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿವೆ. ನಿಯಮ ಇದೆ, ಕೇಳುವವರಿಲ್ಲ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸುರಕ್ಷಿತ ಕ್ರೀಡಾ ನೀತಿಯ ಮಾತಾಡುತ್ತದೆ. ಅದು ಮಾನ್ಯತೆ ಪಡೆದ ಫೆಡರೇಷನ್‌ಗಳ ಸರಪಳಿಗೆ ಸೇರಿದ್ದು. ಯಾವ ಫೆಡರೇಷನ್ನಿಗೂ ಸೇರದ ಗೆಳೆಯರ ಬಳಗವನ್ನು ಅದು ಮುಟ್ಟುವುದಿಲ್ಲ.

ಹಾಗೆಂದು ಊರಿನ ಪಂದ್ಯಾವಳಿ ಸರ್ಕಾರದ ಕಣ್ಣಿಗೆ ಬೀಳದ ಸಂಗತಿಯೇನಲ್ಲ. ಮೈಕಿಗೆ ಅನುಮತಿ ಬೇಕು. ಶಬ್ದ ಮಾಲಿನ್ಯ ನಿಯಮಗಳು 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರನ್ನೂ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯನ್ನೂ ಕೇಳಬೇಕು, ಊರಿನ ಜಾಗವಾದರೆ ಗ್ರಾಮ ಪಂಚಾಯಿತಿಯನ್ನು. ಇಷ್ಟು ಕಡೆ ಅರ್ಜಿ ಹೋದರೂ ಮಕ್ಕಳು ಆಡುತ್ತಾರೆಯೇ, ಅವರನ್ನು ಮನೆಗೆ ಮುಟ್ಟಿಸುವವರು ಯಾರು ಎಂಬ ಪ್ರಶ್ನೆ ಯಾವ ಮೇಜಿನ ಮೇಲೂ ಏಳುವುದಿಲ್ಲ. ಕಾಯ್ದೆ ಜಾರಿಗೆ ಬರಬಲ್ಲ ಜಾಗ ಇದೇ ಮೇಜು ಎಂಬುದು ನನ್ನ ವಾದ.

ಅಪಾಯ ಹೊರಗಿನಿಂದ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ನಂಬಿಕೆಯ ಸ್ಥಾನದಲ್ಲಿದ್ದವರು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಇಲ್ಲಿನ ಸ್ಥಿತಿ ಬೇರೆ ಎಂದುಕೊಳ್ಳಲು ಅದು ಕಾರಣವಾಗದು. 2025ರಲ್ಲಿ ಬೆಂಗಳೂರಿನ ಬ್ಯಾಡ್ಮಿಂಟನ್ ತರಬೇತುದಾರನೊಬ್ಬನನ್ನು ಪೋಕ್ಸೊ ಅಡಿ ಬಂಧಿಸಿದಾಗ, ವಿಷಯ ಮೊದಲು ತಿಳಿದದ್ದು ಹುಡುಗಿಯ ಅಜ್ಜಿಗೆ, ಅದೂ ಫೋನಿನಿಂದ. ಬ್ರಿಟನ್ನಿನ ಸಂಶೋಧಕಿ ಸೀಲಿಯಾ ಬ್ರಾಕೆನ್‌ರಿಜ್ ತಮ್ಮ 2001ರ ‘ಸ್ಪಾಯಿಲ್‌ಸ್ಪೋರ್ಟ್ಸ್’ ಕೃತಿಯಲ್ಲಿ, ತರಬೇತುದಾರನ ಕೈಯಲ್ಲಿರುವ ಆಯ್ಕೆಯ ಅಧಿಕಾರವೂ ಅವನ ಮೇಲೆ ಮನೆಯವರಿಗಿರುವ ವಿಶ್ವಾಸವೂ ಕೂಡಿದಾಗ ಮಗುವಿನ ಬಾಯಿ ಹೇಗೆ ಕಟ್ಟುತ್ತದೆ ಎಂಬುದನ್ನು ಪರಿಶೀಲಿಸಿದ್ದಾರೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಅಲ್ಲಿನ ಫುಟ್ಬಾಲ್ ತರಬೇತುದಾರ ಬ್ಯಾರಿ ಬೆನೆಲ್ ಅವರನ್ನು ತನ್ನ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದ, ಹೆತ್ತವರೇ ಕಳಿಸಿಕೊಡುತ್ತಿದ್ದರು. 2016ರ ನವೆಂಬರಿನಲ್ಲಿ ಹಳೆಯ ಆಟಗಾರರು ಬಾಯಿಬಿಟ್ಟ ಮೇಲೆ ನಡೆದ ವಿಚಾರಣೆಯ ವರದಿ 2021ರಲ್ಲಿ ಬಂತು. ರಕ್ಷಣಾ ಕ್ರಮಗಳನ್ನು ತರಲು 1995ರಿಂದ 2000ದವರೆಗೆ ಫುಟ್ಬಾಲ್ ಸಂಸ್ಥೆ ತಡಮಾಡಿತು ಎಂದು ಅದು ಹೇಳಿತು. ಇವತ್ತು ಅಲ್ಲಿ ಸಣ್ಣ ಕ್ಲಬ್ಬಿನಲ್ಲೂ ಮಕ್ಕಳ ಕ್ಷೇಮಕ್ಕೆಂದೇ ಒಬ್ಬರು ಇರುತ್ತಾರೆ.

ದೊಡ್ಡವರಿಂದ ಮಾತ್ರವಲ್ಲ, ಹಿರಿಯ ಆಟಗಾರರಿಂದಲೂ ಕಾಟ ಬರಬಹುದು. 2015ರ ಮೇ ತಿಂಗಳಲ್ಲಿ ಕೇರಳದ ಆಲಪ್ಪುಳದಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಾಲ್ವರು ಹುಡುಗಿಯರು ವಿಷದ ಕಾಯಿ ತಿಂದರು, ಒಬ್ಬಳು ತೀರಿಕೊಂಡಳು. ಹಿರಿಯರ ಕಿರುಕುಳದ ಆರೋಪ ಆಗ ಕೇಳಿಬಂದಿತ್ತು. ಅದು ಸರ್ಕಾರಿ ಕೇಂದ್ರ, ವಾರ್ಡನ್ ಇದ್ದ ಜಾಗ. ಯಾರೂ ಇಲ್ಲದ ಮೈದಾನದಲ್ಲಿ ಮಗು ಹೇಳಿಕೊಳ್ಳುವುದು ಯಾರ ಬಳಿ?

ಹೇಳಿಕೊಂಡರೂ ನಮ್ಮ ಊರುಗಳಲ್ಲಿ ಮೊದಲು ನಡೆಯುವುದು ರಾಜಿ ಪಂಚಾಯ್ತಿ. ಹಿರಿಯರು ಕಟ್ಟೆಯ ಮೇಲೆ ಕೂತು ‘ಹುಡುಗಿಯ ಬಾಳು ಹಾಳಾಗುತ್ತೆ, ಇಲ್ಲೇ ಮುಗಿಸೋಣ’ ಅನ್ನುತ್ತಾರೆ. ಪೋಕ್ಸೊದ 19ನೇ ಕಲಂ ಈ ಕಟ್ಟೆಗೆ ಅವಕಾಶ ಕೊಟ್ಟಿಲ್ಲ: ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ಹೇಳಿದವರ ಮೇಲೆ ಕ್ರಮವಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಹೆಸರು, ಗುರುತು ಬಯಲಾಗುವಂತಿಲ್ಲ. ಮಾನದ ಭಯಕ್ಕೆ ಕಾನೂನು ಕೊಟ್ಟ ಈ ಉತ್ತರ ಕಟ್ಟೆಯವರೆಗೆ ತಲುಪಿಯೇ ಇಲ್ಲ. ನನ್ನ ಮಟ್ಟಿಗೆ ಇದು ಇಡೀ ವಿಷಯದ ಅತ್ಯಂತ ನೋವಿನ ಭಾಗ.

ಪೊಲೀಸ್ ಪರಿಶೀಲನೆಯಿಂದಲೇ ಎಲ್ಲ ಸರಿಹೋಗುವುದಿಲ್ಲ. ಹಿಂದೆ ಸಿಕ್ಕಿಬಿದ್ದವರನ್ನಷ್ಟೇ ಅದು ತೋರಿಸುತ್ತದೆ. ದಿನನಿತ್ಯದ ರೂಢಿಯೇ ಬದಲಾಗಬೇಕು. ಮೈದಾನದ ಅನುಮತಿ ಪತ್ರದಲ್ಲಿ ಒಂದು ಪುಟ ಸೇರಲಿ: ಮಕ್ಕಳಿಗೆ ಕಲಿಸುವವರ ಹೆಸರು, ಅಭ್ಯಾಸದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಹುಡುಗಿಯರಿದ್ದರೆ ಅವರಲ್ಲೊಬ್ಬರು ಹೆಂಗಸು, ಆಶಾ ಕಾರ್ಯಕರ್ತೆಯೋ ಆಟಗಾರ್ತಿಯ ತಾಯಿಯೋ. ಪರ ಊರಿನ ಪಂದ್ಯಕ್ಕೆ ಹೋದರೆ ಮಲಗುವ ಜಾಗ ಮನೆಯವರಿಗೆ ಮೊದಲೇ ಗೊತ್ತಿರಲಿ. ಹದಿನೆಂಟರ ಒಳಗಿನವರ ಪಂದ್ಯಗಳು ಸಂಜೆಯೇ ಮುಗಿಯಲಿ. ಮಕ್ಕಳ ಸಹಾಯವಾಣಿ 1098 ಅಂಕಣದ ಪಕ್ಕದ ಗೋಡೆಯ ಮೇಲೆ ಬರೆದಿರಲಿ. ಗರಡಿಯಲ್ಲಿ ಮಾಲೀಸು ಒಳಕೋಣೆಯಲ್ಲಲ್ಲ, ಎಲ್ಲರ ಎದುರೇ ಆಗಲಿ. ಒಳ್ಳೆಯ ಉಸ್ತಾದರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಇವುಗಳಿಗೆ ಹೊಸ ಕಾಯ್ದೆ ಬೇಡ, ಪಂಚಾಯಿತಿಯ ಒಂದು ನಿರ್ಣಯ ಸಾಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಬಸ್ಸು, ಕಾಂಪೌಂಡಿನ ಬೇಡಿಕೆಗಳು ಬರುತ್ತವೆ. ಸಂಜೆಯ ಮೈದಾನದ ಬಗ್ಗೆಯೂ ಅಲ್ಲಿ ಮಕ್ಕಳನ್ನೇ ಕೇಳಬೇಕು, ಸಂಘದವರು ಎದುರಿಲ್ಲದಾಗ.

ಇಷ್ಟೆಲ್ಲ ಕೇಳಿದರೆ ಸಂಘಗಳೇ ಮುಚ್ಚಿಹೋಗುತ್ತವೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತಲೇ ಇದೆ. ಎಲ್ಲೋ ಒಂದು ಸುದ್ದಿ ಬಂದ ಮರುದಿನವೇ ಮೈದಾನ ಬಿಟ್ಟು ಮನೆ ಸೇರುವವಳು ಹುಡುಗಿ. ಆಟದ ಸಂಘವಾಗಲಿ, ತಪ್ಪಿತಸ್ಥನಾಗಲಿ ಅಲ್ಲ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತದ ಕಬಡ್ಡಿ ತಂಡಗಳಲ್ಲಿ ಆಡಿದರು; 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ತುಂಗಭದ್ರೆಯ ದಡದ ಊರುಗಳಲ್ಲೂ ಅಂಥ ರೈಡರುಗಳಿದ್ದಾರೆ. ಹೋಬಳಿ ಕ್ರೀಡಾಕೂಟದವರೆಗೆ ಬಂದವರು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಎಲ್ಲಿ ಆಡಬೇಕು, ಯಾರ ಜೊತೆ ಹೋಗಿ ಬರಬೇಕು ಎಂಬುದಕ್ಕೆ ಸದ್ಯ ಅವರ ಅಪ್ಪ-ಅಮ್ಮನಿಗೆ ಉತ್ತರ ಕೊಡುವವರು ಯಾರೂ ಇಲ್ಲ.