ರಾಣಿಯ ಸ್ತ್ರೀಧನ

ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯಲ್ಲಿ, ನೆಲದಿಂದ ಸುಮಾರು ನೂರು ಮೀಟರ್ ಕೆಳಗೆ, ಉಪ್ಪನ್ನೇ ಕೊರೆದು ಮಾಡಿದ ಪ್ರಾರ್ಥನಾ ಮಂದಿರವೊಂದಿದೆ. ಅದು ರಾಣಿ ಕಿಂಗಾಳ ಹೆಸರಿನದು. ಹಂಗೇರಿಯ ರಾಜಕುಮಾರಿ ಕಿಂಗಾ ಮದುವೆಯಾಗಿ ಹೊರಡುವಾಗ ತವರಿನ ಉಪ್ಪಿನ ಗಣಿಗೆ ಉಂಗುರ ಎಸೆದಳಂತೆ. ಇಲ್ಲಿಗೆ ಬಂದು ನೆಲ ಅಗೆಸಿದಾಗ ಮೊದಲ ಉಪ್ಪಿನ ಗಡ್ಡೆಯೊಳಗೆ ಅದೇ ಉಂಗುರ! ಕಥೆ ನನಗೆ ಹಿಡಿಸಿತು. ಅವಳು ಕೊನೆಗಾಲ ಕಳೆದ ಊರನ್ನೂ ನೋಡೋಣವೆಂದು ಕ್ರಾಕೋವಿನಿಂದ ದಕ್ಷಿಣಕ್ಕೆ ಬಸ್ಸು ಹತ್ತಿದೆ.

ದುನಾಯೆತ್ಸ್ ಮತ್ತು ಪೊಪ್ರಾದ್ ನದಿಗಳು ಕೂಡುವ ಕಡೆ, ಗುಡ್ಡಗಳ ನಡುವೆ ಸ್ತಾರಿ ಸೋಂಚ್ ಇದೆ. ಪುಟ್ಟ ಊರು. ಪೇಟೆಯ ಚೌಕಕ್ಕೆಲ್ಲ ನದಿಯ ಉರುಟು ಕಲ್ಲು ಹಾಸಿದ್ದಾರೆ. ನನ್ನ ಚಪ್ಪಲಿಗೆ ಅದು ಒಗ್ಗಲೇ ಇಲ್ಲ. ಸುತ್ತಲೂ ತಗ್ಗು ಮನೆಗಳು, ಸ್ವಲ್ಪ ದೂರದಲ್ಲಿ ಕ್ಲಾರಾ ಪಂಥದ ಸನ್ಯಾಸಿನಿಯರ ಮಠ.

ಉಂಗುರಕ್ಕಿಂತ ದೊಡ್ಡ ಕಥೆ ನನಗೆ ಸಿಕ್ಕಿದ್ದು ಇಲ್ಲಿ. ಹಂಗೇರಿಯ ದೊರೆ ನಾಲ್ಕನೆಯ ಬೇಲಾನ ಮಗಳು ಕಿಂಗಾ. 1239ರಲ್ಲಿ ಕ್ರಾಕೋವಿನ ಬೊಲೆಸ್ವಾಫ್‌ನೊಂದಿಗೆ ಮದುವೆ. ಎರಡೇ ವರ್ಷ, 1241ರಲ್ಲಿ ಮಂಗೋಲರ ದಂಡು ಬಂದು ಕ್ರಾಕೋವನ್ನು ಸುಟ್ಟಿತು. ಖಜಾನೆ ಬರಿದಾಯಿತು. ಕಿಂಗಾ ತವರಿನಿಂದ ತಂದ ಧನ ನಾಡಿನ ರಕ್ಷಣೆಗೆ ಖರ್ಚಾಯಿತು. ಅಷ್ಟರಮಟ್ಟಿಗೆ ಇದು ಎಲ್ಲ ದೇಶದ ಹೆಂಗಸರ ಕಥೆಯೇ. ನಮ್ಮ ಮನೆ ಕಟ್ಟುವಾಗ ಅಮ್ಮನ ನಾಲ್ಕು ಬಳೆ, ಕಾಸಿನ ಸರ ಹೋದವು. ಮನೆಪತ್ರದಲ್ಲಿ ಮಾತ್ರ ಅಮ್ಮನ ಹೆಸರಿರಲಿಲ್ಲ. ಅವಳು ಕೇಳಲೂ ಇಲ್ಲ.

ಕಿಂಗಾಳಿಗೆ ಮಾತ್ರ ಪತ್ರವಾಯಿತು. 1257ರಲ್ಲಿ ಬೊಲೆಸ್ವಾಫ್ ಆ ಧನಕ್ಕೆ ಬದಲಾಗಿ ಇಡೀ ಸೋಂಚ್ ಸೀಮೆಯನ್ನು ಅವಳಿಗೆ ಬರೆದುಕೊಟ್ಟ. ನಾನು ಅದನ್ನೇ ಎರಡು ಸಲ ಓದಿದೆ.

1279ರಲ್ಲಿ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ, ಇಬ್ಬರೂ ಬ್ರಹ್ಮಚರ್ಯದ ವ್ರತ ಹಿಡಿದಿದ್ದರು. ಮರುವರ್ಷವೇ ಅವಳು ತನ್ನ ಸೀಮೆಯಲ್ಲಿ ಈ ಮಠ ಸ್ಥಾಪಿಸಿ, ಅದರ ಖರ್ಚಿಗೆ ಊರು, ಹಳ್ಳಿಗಳನ್ನು ಬಿಟ್ಟುಕೊಟ್ಟು, ತಾನೂ ಒಳಗೆ ಸೇರಿದಳು. 1287ರಲ್ಲಿ ಮಂಗೋಲರು ಮತ್ತೆ ಬಂದಾಗ ಸನ್ಯಾಸಿನಿಯರೊಡನೆ ಪಿಯೆನಿನಿ ಬೆಟ್ಟದ ಕೋಟೆಗೆ ಓಡಿದಳು. ಹಾಗೆ ಓಡುವಾಗ ಎಸೆದ ಅವಳ ರಿಬ್ಬನ್ನೇ ದುನಾಯೆತ್ಸ್ ನದಿಯಾಯಿತೆಂದು ಈ ಕಡೆಯ ಜನ ಹೇಳುತ್ತಾರೆ. ಆ ಕೋಟೆ ಈಗ ಮುರುಕು ಗೋಡೆ. ಅದೇ ನದಿಯ ದಡದ ನಿಯೆಜಿತ್ಸಾ ಕೋಟೆ ಇನ್ನೂ ಗಟ್ಟಿಯಾಗಿ ನಿಂತಿದೆ. ಪ್ರವಾಸಿಗಳೆಲ್ಲ ಅಲ್ಲಿಗೇ ಹೋಗುತ್ತಾರೆ.

ಕಿಂಗಾ 1292ರ ಜುಲೈಯಲ್ಲಿ ತೀರಿಕೊಂಡಳು. ಅದೇ ವರ್ಷ ನವೆಂಬರಿನಲ್ಲಿ ರಾಜನೊಬ್ಬ ಸಮೀಪದಲ್ಲೇ ಹೊಸ ಊರು ಕಟ್ಟಿಸಿದ: ನೋವಿ ಸೋಂಚ್. ವ್ಯಾಪಾರವೆಲ್ಲ ಅತ್ತ ಸರಿಯಿತು. ಇವಳ ಊರಿಗೆ 'ಸ್ತಾರಿ', ಅಂದರೆ ಹಳೆಯದು, ಎಂಬ ಹೆಸರು ಬಂತು. ಊರು ಪುಟ್ಟದಾಗಿಯೇ ಉಳಿದದ್ದಕ್ಕೂ ಅದೇ ಕಾರಣವಿರಬೇಕು.

1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಇಲ್ಲಿಗೇ ಬಂದು ಅವಳನ್ನು ಸಂತಳೆಂದು ಘೋಷಿಸಿದರು. ಮಠದ ಚರ್ಚಿನಲ್ಲಿ 1671ರ ಪ್ರವಚನ ಪೀಠ ನೋಡಿದೆ. ಯೇಸುವಿನ ವಂಶವೃಕ್ಷವನ್ನು ಮರದಂತೆಯೇ ಕೆತ್ತಿದ್ದಾರೆ. ಸನ್ಯಾಸಿನಿಯರು ಯಾರೂ ಕಣ್ಣಿಗೆ ಬೀಳಲಿಲ್ಲ. ಅವರು ಹೊರಗೆ ಬರುವವರಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಗಡಿಯೊಂದರಲ್ಲಿ ಚಿತ್ರದ ಕಾರ್ಡುಗಳನ್ನು ಹುಡುಕಿದೆ. ಉಂಗುರ ಹಿಡಿದ ಕಿಂಗಾ ಇದ್ದಳು. ಆ 1257ರ ಪತ್ರದ ಚಿತ್ರ ಇದೆಯೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಅಂಗಡಿಯಾಕೆಗೆ ಅರ್ಥವಾಗಲಿಲ್ಲ, ಇನ್ನೊಂದು ಉಂಗುರದ ಕಾರ್ಡನ್ನೇ ತೆಗೆದುಕೊಟ್ಟಳು. ಅಮ್ಮನಿಗೆಂದು ಅದನ್ನೇ ತಂದೆ.