ಡಾ. ಸಿಸ್ಟರ್ ಮೇರಿ ಗ್ಲೌರಿ: ಸ್ಟೆತಸ್ಕೋಪ್ ಹಿಡಿದ ಸನ್ಯಾಸಿನಿ

ಆಸ್ಟ್ರೇಲಿಯಾದಲ್ಲಿ ಜನಿಸಿ, ಆಂಧ್ರದ ಗುಂಟೂರಿನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ರೋಗಿಗಳ ಸೇವೆಗೈದು, ಬೆಂಗಳೂರಿನಲ್ಲಿ ಕೊನೆಯುಸಿರೆಳೆದ ಡಾ. ಮೇರಿ ಗ್ಲೌರಿ, ವೈದ್ಯವೃತ್ತಿ ನಡೆಸಲು ಪೋಪ್ ಅವರಿಂದ ವಿಶೇಷ ಅನುಮತಿ ಪಡೆದ ಮೊದಲ ಕ್ಯಾಥೊಲಿಕ್ ಸನ್ಯಾಸಿನಿ ಎಂದು ಗುರುತಿಸಲ್ಪಟ್ಟಿದ್ದಾರೆ.

1887ರ ಜೂನ್ 23ರಂದು ವಿಕ್ಟೋರಿಯಾ ಪ್ರಾಂತ್ಯದ ಬಿರೆಗುರ್ರಾ ಎಂಬ ಸಣ್ಣ ಊರಿನಲ್ಲಿ ಅವರ ಜನನ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಕಲಾ ವಿಭಾಗಕ್ಕೆ ಸೇರಿದ್ದರೂ ತಂದೆಯ ಪ್ರೋತ್ಸಾಹದಿಂದ ವೈದ್ಯಕೀಯದತ್ತ ಹೊರಳಿ 1910ರಲ್ಲಿ ಪದವಿ ಪಡೆದರು. ಮೆಲ್ಬರ್ನ್‌ನಲ್ಲಿ ಅವರ ವೃತ್ತಿ ಚೆನ್ನಾಗಿಯೇ ನಡೆದಿತ್ತು. 1915ರಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ಅವರನ್ನು ಕುರಿತ ಕಿರುಹೊತ್ತಿಗೆಯೊಂದು ಕೈಸೇರಿತು. ಪುರುಷ ವೈದ್ಯರ ಮುಂದೆ ಬರಲೊಲ್ಲದ ಭಾರತದ ಹೆಣ್ಣುಮಕ್ಕಳು ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದಾರೆಂಬ ಸಂಗತಿ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರ ಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿ 1919ರಲ್ಲಿ ಎಂ.ಡಿ. ಪದವಿ ಗಳಿಸಿದರು. 1920ರ ಫೆಬ್ರುವರಿಯಲ್ಲಿ ಗುಂಟೂರಿಗೆ ಬಂದಿಳಿದು, ಡಚ್ ಮೂಲದ ಯೇಸು-ಮೇರಿ-ಜೋಸೆಫ್ ಸಂಸ್ಥೆಗೆ ಸೇರಿದರು. ಸಿಸ್ಟರ್ ಮೇರಿ ಆಫ್ ದಿ ಸೇಕ್ರೆಡ್ ಹಾರ್ಟ್ ಎಂಬುದು ದೀಕ್ಷೆಯ ನಂತರದ ಹೆಸರು.

ಗುಂಟೂರು ಎಂಬುದು ಸಿಂಧನೂರು, ಸಾಲಗುಂದ ಭಾಗದವರಿಗೆ ಅಪರಿಚಿತವಲ್ಲ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಹರಿದ ಬಳಿಕ ಇಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರಲ್ಲಿ ಅನೇಕರು ಆ ಸೀಮೆಯವರೇ.

ಆದರೆ ಸನ್ಯಾಸಿನಿಯಾದವಳು ವೈದ್ಯಳಾಗುವಂತಿರಲಿಲ್ಲ. ಧರ್ಮಸಭೆಯ ಅಂದಿನ ಕಾನೂನು ಅದಕ್ಕೆ ಅಡ್ಡಿಯಾಗಿತ್ತು. ಹೆರಿಗೆ ಮಾಡಿಸುವುದಂತೂ ದೂರದ ಮಾತು. ಹೆರಿಗೆಯಲ್ಲೇ ತಾಯಂದಿರು ಜೀವ ಕಳೆದುಕೊಳ್ಳುತ್ತಿದ್ದ ನಾಡಿನಲ್ಲಿ ಈ ನಿರ್ಬಂಧದ ಬೆಲೆ ತೆತ್ತವರು ಬಡ ಹೆಣ್ಣುಮಕ್ಕಳೇ. ಪೋಪ್ 15ನೇ ಬೆನೆಡಿಕ್ಟ್ ಅವರು ಮೇರಿ ಅವರಿಗೆ ವಿಶೇಷ ಅನುಮತಿ ನೀಡಿದರು. ಉಳಿದ ಸನ್ಯಾಸಿನಿಯರು 1936ರವರೆಗೆ ಕಾಯಬೇಕಾಯಿತು. ಆ ವರ್ಷ ಹೊರಬಿದ್ದ ವ್ಯಾಟಿಕನ್ ಆದೇಶ ಪ್ರಸೂತಿ ಸೇವೆಗೂ ಬಾಗಿಲು ತೆರೆಯಿತು.

ಗುಂಟೂರಿನ ಸಣ್ಣ ಔಷಧಾಲಯ ಸೇಂಟ್ ಜೋಸೆಫ್ ಆಸ್ಪತ್ರೆಯಾಗಿ ಬೆಳೆಯಿತು. ಒಬ್ಬ ವೈದ್ಯೆಯಿಂದ ಹಳ್ಳಿಹಳ್ಳಿಯ ಬೇನೆ ತೀರದೆಂಬುದನ್ನು ಮೇರಿ ಬೇಗನೆ ಅರಿತರು. ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧ ತಯಾರಿಸಿ ಕೊಡುವ ಕೆಲಸ, ಶುಶ್ರೂಷೆ, ಸೂಲಗಿತ್ತಿಯರ ವಿದ್ಯೆ ಕಲಿಸತೊಡಗಿದರು. ನಾಡಮದ್ದನ್ನು ಹಗುರವಾಗಿ ಕಾಣದೆ ಅದರ ಗುಣಗಳನ್ನೂ ಅಭ್ಯಸಿಸಿದರು. ಮೇಲಿನ ಎಲ್ಲಕ್ಕಿಂತ ಈ ಪಾಠ ಹೇಳುವ ಕೆಲಸವೇ ದೊಡ್ಡದೆನ್ನಬೇಕು. ಆಸ್ಪತ್ರೆಗೆ ಬಾರಲಾಗದವರನ್ನು ತಲುಪಲು ಬೇರೆ ದಾರಿ ಇರಲಿಲ್ಲ.

ಸೇವಾ ಆಸ್ಪತ್ರೆಗಳನ್ನು ಒಂದುಗೂಡಿಸಲು 1943ರ ಜುಲೈ 29ರಂದು 16 ಮಂದಿ ಸನ್ಯಾಸಿನಿಯರೊಡನೆ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಸ್ಥಾಪಿಸಿದರು. ಇಂದು 'ಚಾಯ್' ಎಂಬ ಹೆಸರಿನ ಈ ಸಂಸ್ಥೆಯಲ್ಲಿ 3,500ಕ್ಕೂ ಹೆಚ್ಚು ಸದಸ್ಯ ಸಂಸ್ಥೆಗಳಿವೆ.

ಭಾರತದಲ್ಲಿ ಕ್ಯಾಥೊಲಿಕ್ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಬಹುದಿನದ ಹಂಬಲವಾಗಿತ್ತು. ಕ್ಯಾನ್ಸರ್‌ಗೆ ತುತ್ತಾಗಿ 1957ರ ಮೇ 5ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅದಿನ್ನೂ ಕೈಗೂಡಿರಲಿಲ್ಲ. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಸನ್ಯಾಸಿನಿಯರಿಗೆ ವೈದ್ಯಕೀಯ ಶಿಕ್ಷಣ ನೀಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಧರ್ಮಸಭೆ ಮೇರಿ ಅವರನ್ನು 2013ರಲ್ಲಿ 'ದೇವಸೇವಕಿ' ಎಂದು ಘೋಷಿಸಿತು.