ವಿಮೆ ಇದ್ದರೂ ಬಡತನ ಯಾಕೆ? ಅಮೆರಿಕದ ಒಂದು ಕಾನೂನಿನ ಕಥೆ

ದುಡಿಯುವಾಗ ಸಂಬಳದಿಂದ ಒಂದಿಷ್ಟು ಹಣ ಹಿಡಿಯುತ್ತಾರೆ. ಮುಂದೆ ಏಟು ಬಿದ್ದೋ ಕಾಯಿಲೆ ಬಂದೋ ದುಡಿಯಲಾಗದಿದ್ದರೆ ತಿಂಗಳು ತಿಂಗಳು ಹಣ ಕೊಡುತ್ತಾರೆ. ಅಮೆರಿಕದ ಅಂಗವೈಕಲ್ಯ ವಿಮೆ ಇದು. ದಾನವಲ್ಲ, ಹಕ್ಕು. ಆದರೂ ಇದನ್ನು ಪಡೆಯುವವರಲ್ಲಿ ಬಡವರು ಬಹಳ. ಕಾರಣ ಹುಡುಕುತ್ತಾ ಹೋದ ನಮಗೆ ಕಂಡದ್ದು ಒಂದೇ: ಜನ ಮೋಸ ಮಾಡಿಯಾರು ಎಂಬ ಸರ್ಕಾರದ ಅನುಮಾನ.

1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತಂದ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ವೃದ್ಧರಿಗೆ ಪಿಂಚಣಿ ಇತ್ತು, ಈ ವಿಮೆ ಇರಲಿಲ್ಲ. ಸುಳ್ಳು ಹೇಳಿ ಬರುವವರನ್ನು ಗುರುತಿಸುವುದು ಹೇಗೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 1956ರ ಆಗಸ್ಟ್ 1ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದರು. ಆದರೆ ವಯಸ್ಸು 50 ದಾಟಿರಬೇಕಿತ್ತು, ಆರು ತಿಂಗಳು ಕಾಯಬೇಕಿತ್ತು.

1960ರಲ್ಲಿ ವಯಸ್ಸಿನ ಷರತ್ತು ಹೋಯಿತು. 1972ರಲ್ಲಿ ಕಾಯುವುದು ಐದು ತಿಂಗಳಿಗೆ ಇಳಿಯಿತು. ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಕೂಡ ಸೇರಿತು. ಆದರೆ ಅದು ಸಿಗುವುದು ಹಣ ಶುರುವಾದ ಮೇಲೆ ಇನ್ನೂ 24 ತಿಂಗಳಿಗೆ. ಸಂಬಳ ನಿಂತು ಆಸ್ಪತ್ರೆ ಖರ್ಚು ಏರುವ ಕಾಲ ಅದೇ. ಕೂಡಿಟ್ಟದ್ದೆಲ್ಲ ಅಲ್ಲೇ ಕರಗುತ್ತದೆ.

1980ರಲ್ಲಿ ಅನುಮಾನ ಮತ್ತೆ ತಲೆ ಎತ್ತಿತು. ಫಲಾನುಭವಿಗಳನ್ನು ಮೂರು ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕೆಂದು ಕಾನೂನು ಬಂತು. ರೇಗನ್ ಆಡಳಿತ 1981ರಲ್ಲಿ ಅದನ್ನು ಬಿರುಸಾಗಿ ಶುರುಮಾಡಿತು. ಮೂರೇ ವರ್ಷದಲ್ಲಿ ಲಕ್ಷಾಂತರ ಜನರ ಹೆಸರು ಪಟ್ಟಿಯಿಂದ ಹೋಯಿತು. ಮೇಲ್ಮನವಿ ಹಾಕಿದ ಬಹಳ ಮಂದಿ ಗೆದ್ದರು. ಅಂದರೆ ಅವರನ್ನು ತೆಗೆದದ್ದೇ ತಪ್ಪು. ಕೆಲವು ರಾಜ್ಯಗಳು ಹೆಸರು ತೆಗೆಯುವುದಿಲ್ಲ ಎಂದು ನಿಂತವು. 1984ರ ಕಾನೂನು ಇದಕ್ಕೆ ತಡೆ ಹಾಕಿತು: ಆರೋಗ್ಯ ಸುಧಾರಿಸಿದ ಪುರಾವೆ ಇಲ್ಲದೆ ಹಣ ನಿಲ್ಲಿಸುವಂತಿಲ್ಲ.

ಇನ್ನು ಮೊತ್ತ. 2024ರ ಆರಂಭದಲ್ಲಿ ಸರಾಸರಿ ಸಿಗುತ್ತಿದ್ದದ್ದು ತಿಂಗಳಿಗೆ ಸುಮಾರು 1,540 ಡಾಲರ್. ರೂಪಾಯಿ ಲೆಕ್ಕದಲ್ಲಿ ದೊಡ್ಡದೇ. ಆದರೆ ಅಲ್ಲಿ ಬಾಡಿಗೆ, ಔಷಧಿಯೂ ಡಾಲರ್‌ನಲ್ಲೇ. ಆ ವರ್ಷ ಇಬ್ಬರಿರುವ ಮನೆಗೆ ಸರ್ಕಾರವೇ ಹಾಕಿದ ಬಡತನದ ಗೆರೆ ತಿಂಗಳಿಗೆ ಸುಮಾರು 1,700 ಡಾಲರ್. ಮೊತ್ತ ನಿಗದಿಯಾಗುವುದು ಹಳೆಯ ಸಂಬಳದ ಮೇಲೆ. ಕಡಿಮೆ ಕೂಲಿಗೆ ದುಡಿದವರಿಗೆ ಸರಾಸರಿಯೂ ಸಿಗದು.

2020ರ ಕೊನೆಯಲ್ಲಿ ಎಎಲ್‌ಎಸ್ ಎಂಬ ನರರೋಗ ಇರುವವರಿಗೆ ಐದು ತಿಂಗಳ ಕಾಯುವಿಕೆ ರದ್ದಾಯಿತು. ಉಳಿದವರಿಗೆ ಅದು ಹಾಗೇ ಇದೆ. ಕೆಲವೇ ಮೋಸಗಾರರ ಭಯಕ್ಕೆ ನಿಜವಾದ ರೋಗಿಯ ಮನೆ ಬೆಲೆ ತೆರಬೇಕೇ? ಈ ಪ್ರಶ್ನೆ 1956ರಿಂದಲೂ ಉಳಿದಿದೆ.